ರೈಟ್ ರೈಟ್ ಅನ್ನದ ಕಂಡಕ್ಟರ್!

ಕಂಡಕ್ಟರ್ ಅಂದಕೂಡಲೇ ನಿಮಗೆ ಯಾರು ನೆನಪಾಗ್ತಾರೆ? ಹೆಗಲಲ್ಲಿ ಚರ್ಮದ ಚೀಲ, ಬಾಯಲ್ಲಿ ವಿಷಲ್ಲು, ಚಿಲ್ಲರೆ ಕೇಳಿದರೆ ಕೆಂಡದಂಥ ನೋಟ! ಈ ಪತ್ರಿಕೆಯನ್ನು ನೀವು ಕೊಂಡಿರೋದೇ ಬಸ್‌ಸ್ಟ್ಯಾಂಡಿನಲ್ಲಿ, ಹಾಗಾಗಿ ಎದುರಿಗೇ ಒಬ್ಬ ನಿಂತಿದ್ದರೂ ನಿಂತಿರಬಹುದು. ಬೆಂಗಳೂರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕವಾಡ್ ರಜನೀಕಾಂತ್ ಆದ ಕಥೆ ನಿಮಗೆಲ್ಲ ಬಾಯಿಪಾಠ. ಅದನ್ನು ನಾನು ಮತ್ತೆ ಬರೆದರೆ ಸಂಪಾದಕರು ಕಾಸು ಕೊಡೋದಿಲ್ಲ.

ಈ ವಾರದ್ದು ಬೇರೆ ಕಂಡಕ್ಟರ್. ಎದುರಿಗೆ ನೂರು ಜನ ಪಿಟೀಲು, ಕೊಳಲು, ತುತ್ತೂರಿ, ನಗಾರಿ ಹಿಡಿದು ಕೂತಿರುತ್ತಾರೆ. ಈತ ಮಾತ್ರ ಸಭಿಕರಿಗೆ ಬೆನ್ನು ಹಾಕಿ ಬರೀ ಒಂದು ಕಡ್ಡಿ ಹಿಡಿದು ನಿಂತಿರುತ್ತಾನೆ. ಒಂದು ಸ್ವರವನ್ನೂ ನುಡಿಸೋದಿಲ್ಲ. ಆದರೆ ಪೋಸ್ಟರಿನಲ್ಲಿ ದೊಡ್ಡ ಹೆಸರು ಆತನದ್ದೇ!

ಈ ವಿಷಯ ಎತ್ತಿದವನು ನನ್ನ ಗೆಳೆಯ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಕಾಂಗೋ ಬಾರಿಸುತ್ತಾನೆ. ಅಥವಾ ಬಾರಿಸುತ್ತಿದ್ದ ಅನ್ನಿ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಆರ್ಕೆಸ್ಟ್ರಾ ಮಾಲೀಕ 'ನಷ್ಟ ಆಗ್ತಿದೆ ಕಣ್ರಪ್ಪಾ' ಅಂತ ಒಂದೇ ಮಾತು ಹೇಳಿ ಪಾರ್ಟಿ ಮುಚ್ಚಿಬಿಟ್ಟ. ಹನ್ನೊಂದು ಹುಡುಗರು ಬೀದಿಗೆ. ಟೀ ಅಂಗಡಿಯಲ್ಲಿ ಕೂತು ಅವನು ಹೊಟ್ಟೆಯುರಿ ಕಕ್ಕುತ್ತಿದ್ದ: "ಬಾರಿಸೋರು ನಾವು, ಹಾಡೋರು ನಾವು. ಕೈ ಬೀಸೋನೇ ಯಜಮಾನ. ಆ ಫಾರಿನ್ ಪಿಕ್ಚರ್‌ನಲ್ಲಿ ಕೋಲು ಆಡಿಸ್ತಾನಲ್ಲ, ಅವನ ಥರ. ಅವನಿಗ್ಯಾಕೆ ಗುರೂ ಅಷ್ಟೊಂದು ಚಪ್ಪಾಳೆ?"

ಸರಿಯಾದ ಪ್ರಶ್ನೆ. ಪಿ.ಯು.ಸಿ.ಗೇ ಬೆನ್ನು ತೋರಿಸಿದ ನನಗೆ ಪಾಶ್ಚಾತ್ಯ ಸಂಗೀತದ ಶಾಸ್ತ್ರ ಗೊತ್ತಿಲ್ಲ. ಆದರೆ ಒಬ್ಬ ಮನುಷ್ಯನ ಕಥೆ ಗೊತ್ತು. ಕೋಲು ಆಡಿಸುತ್ತಿದ್ದವನೇ. ಕೊನೆಗೆ ಯಜಮಾನನ ಪಕ್ಕ ನಿಲ್ಲದೆ ಬಾರಿಸುವವರ ಪಕ್ಕ ನಿಂತವನು. ಹೆಸರು ಆಟೋ ಕ್ಲೆಂಪರರ್. ನಗಬೇಡಿ, ಮೂರು ಚಕ್ರದ ಆಟೋ ಅಲ್ಲ. ಜರ್ಮನಿಯಲ್ಲಿ ಅದು ನಮ್ಮಲ್ಲಿ ರಾಮಣ್ಣ ಇದ್ದ ಹಾಗೆ.

ಹುಟ್ಟಿದ್ದು 1885ರ ಮೇ 14ರಂದು, ಬ್ರೆಸ್ಲೌ ಎಂಬ ಊರಿನಲ್ಲಿ. ಆಗ ಜರ್ಮನಿ, ಈಗ ಪೋಲೆಂಡ್. ಯಹೂದಿ ಮನೆತನ. ಆರಡಿಗೂ ಮೀರಿದ ಆಳು, ದಪ್ಪ ಕನ್ನಡಕ, ಗಂಟು ಮುಖ. ನಮ್ಮ ಸಿನಿಮಾದವರು ನೋಡಿದ್ದರೆ ಹೀರೋ ಪಾರ್ಟ್ ಖಂಡಿತ ಕೊಡುತ್ತಿರಲಿಲ್ಲ!

1905ರಲ್ಲಿ ಬರ್ಲಿನ್ನಿನಲ್ಲಿ ಗುಸ್ತಾವ್ ಮಾಹ್ಲರ್ ಎಂಬ ಮಹಾನ್ ಸಂಗೀತಗಾರನ ಎರಡನೇ ಸಿಂಫನಿ. ಅದರಲ್ಲಿ ವೇದಿಕೆಯ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಸಣ್ಣ ವಾದ್ಯಗುಂಪು ನುಡಿಸಬೇಕು. ಆ ಗುಂಪನ್ನು ನಡೆಸುವ ಚಾಕರಿ ಇಪ್ಪತ್ತು ವರ್ಷದ ಈ ಹುಡುಗನಿಗೆ ಬಂತು. ಎಕ್ಸ್‌ಟ್ರಾ ಪಾರ್ಟು ಅಂತೀವಲ್ಲ, ಹಾಗೆ. ಆದರೆ ಕೇಳಲು ಸ್ವತಃ ಮಾಹ್ಲರ್ ಬಂದಿದ್ದ. ಕೇಳಿ ಮೆಚ್ಚಿದ. ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಆ ಇಡೀ ಸಿಂಫನಿಯನ್ನು ಪಿಯಾನೋಗೆ ಅಳವಡಿಸಿಕೊಂಡು ವಿಯೆನ್ನಾಕ್ಕೆ ಹೋಗಿ, ಮಾಹ್ಲರನ ಎದುರೇ ಅದರ ಒಂದು ಭಾಗವನ್ನು ಕಾಗದ ನೋಡದೆ ನುಡಿಸಿ ತೋರಿಸಿದ! ಮಾಹ್ಲರ್ ತನ್ನ ವಿಸಿಟಿಂಗ್ ಕಾರ್ಡಿನ ಮೇಲೆ ನಾಲ್ಕು ಸಾಲು ಶಿಫಾರಸು ಗೀಚಿಕೊಟ್ಟ. ಆ ಒಂದು ಕಾರ್ಡು ಸಾಕಾಯ್ತು. 1907ರಲ್ಲಿ ಪ್ರಾಗ್ ನಗರದ ಜರ್ಮನ್ ಒಪೆರಾದಲ್ಲಿ ಕೆಲಸ ಸಿಕ್ಕಿತು. ಒಪೆರಾ ಅಂದರೆ ನಮ್ಮ ಕಂಪನಿ ನಾಟಕದ ದೊಡ್ಡಣ್ಣ ಅಂದುಕೊಳ್ಳಿ, ಮಾತೆಲ್ಲ ಹಾಡೇ. ಆ ಕಾರ್ಡನ್ನು ಈತ ಸಾಯುವವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದ.

ಅಲ್ಲಿಂದ ಹ್ಯಾಂಬರ್ಗ್. ಅಲ್ಲಿ ಒಂದು ಮಸಾಲೆ ಪ್ರಸಂಗ, ನಿಮಗೆ ಹೇಳದಿದ್ದರೆ ಪಾಪ ಬರುತ್ತೆ! ಎಲಿಸಬೆತ್ ಶೂಮನ್ ಎಂಬ ಗಾಯಕಿ, ವಿವಾಹಿತೆ. ಈತನಿಗೂ ಆಕೆಗೂ ಪ್ರೇಮ. 1912ರ ಡಿಸೆಂಬರಿನಲ್ಲಿ ಆಕೆಯ ಗಂಡ ಕುದುರೆ ಚಾಟಿ ಹಿಡಿದು ಒಪೆರಾ ಮಂದಿರಕ್ಕೇ ಬಂದ. ತುಂಬಿದ ಸಭೆಯಲ್ಲಿ ಕಂಡಕ್ಟರ್ ಸಾಹೇಬರಿಗೆ ಬಾರಿಸಿದ! ಊರೆಲ್ಲ ಗುಲ್ಲೋ ಗುಲ್ಲು. ಪ್ರೇಮಿಗಳಿಬ್ಬರೂ ಹ್ಯಾಂಬರ್ಗ್ ಬಿಟ್ಟರು, ಪ್ರೇಮವೂ ಹೆಚ್ಚು ದಿನ ಬಾಳಲಿಲ್ಲ. ಮುಂದೆ ಈತ ಮದುವೆಯಾದದ್ದು 1919ರಲ್ಲಿ, ಯೊಹಾನ್ನಾ ಗೈಸ್ಲರ್ ಎಂಬ ಇನ್ನೊಬ್ಬ ಗಾಯಕಿಯನ್ನು.

ನಡುವೆ ಬಾರ್ಮೆನ್, ಸ್ಟ್ರಾಸ್‌ಬರ್ಗ್, ಕಲೋನ್, ವೀಸ್‌ಬಾಡೆನ್ ಅಂತ ಊರೂರು ಸುತ್ತಾಟ. ಅದನ್ನೆಲ್ಲ ಬಿಡಿ. 1927ಕ್ಕೆ ಬನ್ನಿ.

ಆ ವರ್ಷ ಬರ್ಲಿನ್ನಿನ ಕ್ರೋಲ್ ಒಪೆರಾ ಈತನ ಕೈಗೆ ಬಂತು. ಹಳೇ ಕಿರೀಟ, ಹಳೇ ಗಡ್ಡ, ಹಳೇ ಪರದೆ ಎಲ್ಲ ಕಿತ್ತು ಬಿಸಾಕಿದ. ಸ್ಟ್ರಾವಿನ್‌ಸ್ಕಿ, ಹಿಂಡೆಮಿತ್, ಯಾನಾಚೆಕ್ ಇವರ ಹೊಸ ಸಂಗೀತ ತಂದ. 1929ರಲ್ಲಿ ವಾಗ್ನರನ 'ಫ್ಲೈಯಿಂಗ್ ಡಚ್‌ಮನ್' ಆಡಿಸಿದಾಗ ನಾಯಕನಿಗೆ ಗಡ್ಡವೇ ಇಲ್ಲ! ಸಂಪ್ರದಾಯಸ್ಥರು ರೊಚ್ಚಿಗೆದ್ದರು. ಮೊದಲ ಪ್ರದರ್ಶನಕ್ಕೆ ಪೊಲೀಸ್ ಕಾವಲು ಹಾಕಬೇಕಾಯ್ತು. ನಮ್ಮಲ್ಲಿ ಸ್ಟಾರ್ ಪಿಕ್ಚರಿನ ಮೊದಲ ದಿನ ಟಿಕೆಟ್ ಕೌಂಟರಿನ ಮುಂದೆ ಲಾಠಿ ನಿಲ್ಲುತ್ತಲ್ಲ, ಅಲ್ಲಿ ಹಾಡಿಗೂ ಬೇಕಾಯ್ತು ನೋಡಿ. ನಾಲ್ಕೇ ವರ್ಷ. 1931ರ ಜುಲೈನಲ್ಲಿ ಸರ್ಕಾರ ಕ್ರೋಲ್ ಮುಚ್ಚಿತು. ದುಡ್ಡಿಲ್ಲ ಅನ್ನೋದು ಒಂದು ಕಾರಣ, ರಾಜಕೀಯ ಇನ್ನೊಂದು. ಈತ ಕೋರ್ಟಿಗೂ ಹೋದ, ಗೆಲ್ಲಲಿಲ್ಲ.

ಈಗ ಕೇಳಿ ವಿಧಿಯ ಆಟ. 1933ರ ಜನವರಿ 30ಕ್ಕೆ ಹಿಟ್ಲರ್ ಗದ್ದುಗೆ ಏರಿದ. ಫೆಬ್ರವರಿಯಲ್ಲಿ ಪಾರ್ಲಿಮೆಂಟ್ ಭವನಕ್ಕೆ ಬೆಂಕಿ ಬಿತ್ತು. ಪಾರ್ಲಿಮೆಂಟ್ ಸೇರೋದಕ್ಕೆ ಬೇರೆ ಜಾಗ ಬೇಕಲ್ಲ, ಯಾವುದನ್ನು ಆರಿಸಿದರು ಗೊತ್ತೇ? ಅದೇ ಕ್ರೋಲ್ ಒಪೆರಾ! ಕ್ಲೆಂಪರರ್ ಕಡ್ಡಿ ಆಡಿಸುತ್ತಿದ್ದ ಆ ಮಂದಿರದಲ್ಲೇ ಮಾರ್ಚ್ 23ರಂದು ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಕಾನೂನು ಪಾಸಾಯ್ತು. ಅದಾಗಿ ಹನ್ನೆರಡು ದಿನಕ್ಕೆ, ಏಪ್ರಿಲ್ 4ರಂದು, ಕ್ಲೆಂಪರರ್ ರೈಲು ಹತ್ತಿ ಸ್ವಿಟ್ಜರ್‌ಲೆಂಡ್ ಸೇರಿದ. ಹಿಂದೆಯೇ ಹೆಂಡತಿ, ಮಕ್ಕಳು. ಜರ್ಮನ್ ಕಲೆಗೆ ಸೇವೆ ಮಾಡಿದ್ದಕ್ಕೆ ಅದೇ ವರ್ಷ ಸರ್ಕಾರ ಈತನಿಗೆ ಗಯಟೆ ಪದಕ ಕೊಟ್ಟಿತ್ತು. ಪದಕ ಒಂದು ಕೈಯಲ್ಲಿ, ಗಂಟುಮೂಟೆ ಇನ್ನೊಂದು ಕೈಯಲ್ಲಿ!

ಓಡಿ ಎಲ್ಲಿಗೆ ಹೋದ? ಬೇರೆಲ್ಲಿಗೆ, ಲಾಸ್ ಏಂಜಲಿಸ್‌ಗೆ! ಹಾಲಿವುಡ್ ಇರುವ ಊರಿಗೆ. 1933ರಿಂದ 39ರವರೆಗೆ ಅಲ್ಲಿನ ಫಿಲಾರ್ಮಾನಿಕ್‌ಗೆ ಈತನೇ ಯಜಮಾನ. ಸಿನಿಮಾ ಹಾಡುಗಳ ರಾಜ ಜಾರ್ಜ್ ಗರ್ಶ್‌ವಿನ್ 1937ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡಾಗ ಹಾಲಿವುಡ್ ಬೌಲ್‌ನಲ್ಲಿ ನಡೆದ ಶ್ರದ್ಧಾಂಜಲಿ ಕಛೇರಿಯಲ್ಲಿ ಈತನೂ ಕೈ ಎತ್ತಿದ್ದ.

ಇಲ್ಲಿಂದ ಕಷ್ಟದ ರೀಲುಗಳು. 1939ರಲ್ಲಿ ತಲೆಯೊಳಗೆ ಗಡ್ಡೆ. ಬಾಸ್ಟನ್‌ನಲ್ಲಿ ಆಪರೇಷನ್. ಜೀವ ಉಳಿಯಿತು, ಆದರೆ ಬಲಗಡೆ ಮುಖ, ನಾಲಿಗೆ ಎಲ್ಲ ಸ್ವಾಧೀನ ತಪ್ಪಿದವು. ಮಾತು ತೊದಲು. ಮೊದಲಿಂದಲೂ ಈತನಿಗೆ ಮನಸ್ಸಿನ ಕಾಯಿಲೆ ಬೇರೆ. ತಿಂಗಳುಗಟ್ಟಲೆ ಮಂಕು ಬಡಿದ ಹಾಗೆ ಮೂಲೆ ಸೇರುವುದು, ಆಮೇಲೆ ಹಿಡಿಯೋರೇ ಇಲ್ಲದಂಥ ಹುಮ್ಮಸ್ಸು. ಆಪರೇಷನ್ ಆದಮೇಲೆ ಆ ಹುಮ್ಮಸ್ಸು ಅತಿಯಾಯ್ತು. 1941ರಲ್ಲಿ ನ್ಯೂಯಾರ್ಕ್ ಹತ್ತಿರದ ಒಂದು ಆಸ್ಪತ್ರೆಯಿಂದ ಹೇಳದೆ ಕೇಳದೆ ಎದ್ದು ಹೊರಟ. ಪೊಲೀಸರು ಹುಡುಕಿದರು, ಪತ್ರಿಕೆಗಳಲ್ಲಿ ಸುದ್ದಿಯಾಯ್ತು. ಪತ್ತೆಯಾದ, ಸರಿ. ಆದರೆ ಹುಚ್ಚ ಅಂತ ಒಮ್ಮೆ ಪೇಪರಿನಲ್ಲಿ ಬಂದಮೇಲೆ ಯಾರು ಕರೆದು ಕೆಲಸ ಕೊಡ್ತಾರೆ? ನನಗೇನೂ ಆಗಿಲ್ಲ ಅಂತ ತೋರಿಸಲು ಸ್ವಂತ ಕೈಯಿಂದ ದುಡ್ಡು ಹಾಕಿ, ವಾದ್ಯದವರನ್ನು ಕೂಲಿಗೆ ಹಿಡಿದು ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ಮಾಡಿದ. ಸ್ವಂತ ದುಡ್ಡು ಹಾಕಿ ಪಿಕ್ಚರ್ ತೆಗೆದು ಮುಳುಗಿದ ನಮ್ಮವರನ್ನು ನೆನೆಸಿಕೊಳ್ಳಿ, ಅದೇ ಸಂಕಟ.

ಯುದ್ಧ ಮುಗಿಯಿತು. ಮೂರು ವರ್ಷ ಹಂಗೇರಿಯ ಬುಡಾಪೆಸ್ಟ್ ಒಪೆರಾದಲ್ಲಿ ಕೆಲಸ. 1951ರಲ್ಲಿ ಕೆನಡಾದ ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಇನ್ನು ಕುರ್ಚಿಯಲ್ಲಿ ಕೂತೇ ಕೈ ಆಡಿಸಬೇಕು. ಅದೂ ಸಾಲದು ಅಂತ ಅಮೆರಿಕದವರು ಪಾಸ್‌ಪೋರ್ಟ್ ತಡೆದರು. ವಯಸ್ಸು 66 ದಾಟಿದೆ, ಮುಖ ವಕ್ರ, ಕಾಲು ಕುಂಟು, ಕೈಯಲ್ಲಿ ಕೆಲಸವಿಲ್ಲ. ಯಾವ ಜ್ಯೋತಿಷಿಯನ್ನು ಕೇಳಿದರೂ 'ಶುಭಂ' ಬೋರ್ಡು ಹಾಕಿಬಿಡುತ್ತಿದ್ದ.

ಆದರೆ ಅದು ಬರೀ ಇಂಟರ್‌ವಲ್!

ಈಗ ಲಂಡನ್‌ಗೆ ಬರೋಣ. ಬರುವ ಮುಂಚೆ ಮೈಸೂರಿಗೆ ಹೋಗಿಬರಬೇಕು. ಹೌದು ಸ್ವಾಮಿ, ನಮ್ಮ ಮೈಸೂರಿಗೇ!

ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬ ರೆಕಾರ್ಡ್ ನಿರ್ಮಾಪಕ ಇದ್ದ, ಇ.ಎಂ.ಐ. ಕಂಪನಿಯವನು. 1945ರಲ್ಲಿ ಫಿಲಾರ್ಮೊನಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದ. ಕಟ್ಟಿದ ಮೇಲೆ ನಡೆಸಬೇಕಲ್ಲ, ದುಡ್ಡೆಲ್ಲಿ? ಆಗ ನೆರವಿಗೆ ಬಂದವರು ಯಾರು ಅಂದುಕೊಂಡಿರಿ? ನಮ್ಮ ಶ್ರೀ ಜಯಚಾಮರಾಜ ಒಡೆಯರ್! ದಸರೆಯಲ್ಲಿ ಅಂಬಾರಿ ಮೇಲೆ ಕೂತ ಪಟ ನೋಡಿದ್ದೀರಿ. ಆದರೆ ಮಹಾರಾಜರು ಪಿಯಾನೋ ಕಲಿತವರು, 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ಲೆಗ್ ಮೈಸೂರಿಗೆ ಬಂದಾಗ ಮಹಾರಾಜರಿಗೆ ಇನ್ನೂ ಮೂವತ್ತೂ ತುಂಬಿರಲಿಲ್ಲ. ಅರಮನೆಯಲ್ಲಿದ್ದ ರೆಕಾರ್ಡುಗಳ ರಾಶಿ, ಲೌಡ್‌ಸ್ಪೀಕರುಗಳು, ದೊಡ್ಡ ದೊಡ್ಡ ಪಿಯಾನೋಗಳನ್ನು ಕಂಡು ಆ ದೊರೆ ದಂಗಾಗಿ ಹೋದ. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. ಫಿಲಾರ್ಮೊನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. ಲಂಡನ್ನಿನಲ್ಲಿ ಬಡತನ, ಕಾಯಿಲೆಯಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನೂ ತಮ್ಮ ಖರ್ಚಿನಲ್ಲೇ ರೆಕಾರ್ಡ್ ಮಾಡಿಸಿದರು. ಆತ ತನ್ನ ಮೂರನೇ ಪಿಯಾನೋ ಕನ್ಸರ್ಟೋವನ್ನು ನಮ್ಮ ಮಹಾರಾಜರಿಗೆ ಅರ್ಪಣೆ ಮಾಡಿದ್ದಾನೆ.

ಇನ್ನೂ ಇದೆ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊಟ್ಟಮೊದಲು ಕೇಳಿಬಂದವು. ಹಾಡಿದ್ದು ಕರ್ಸ್ಟೆನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ಬಾರಿಸಿದ್ದು ಇದೇ ಫಿಲಾರ್ಮೊನಿಯಾ, ದುಡ್ಡು ಮೈಸೂರಿನದು! ಮಹಾರಾಜರು ಅಲ್ಲಿರಲಿಲ್ಲ, ಅವರು ಕೇಳಲೆಂದೇ ಅದನ್ನು ರೆಕಾರ್ಡ್ ಮಾಡಿದರು. ಜಗತ್ತಿನಾದ್ಯಂತ ಸಂಗೀತದ ಪುಸ್ತಕಗಳಲ್ಲಿ ಈ ಮಾತು ಅಚ್ಚಾಗಿದೆ. ಮೈಸೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹತ್ತು ಜನರನ್ನು ಕೇಳಿ, ಒಬ್ಬರಿಗಾದರೂ ಗೊತ್ತಾ ನೋಡೋಣ.

ಮಹಾರಾಜರ ದುಡ್ಡು ಕ್ಲೆಂಪರರ್ ಜೇಬಿಗೆ ಬಂತು ಅಂತ ನಾನು ರೀಲು ಬಿಡ್ತಿಲ್ಲ. ಈತ ಆ ಆರ್ಕೆಸ್ಟ್ರಾದ ಜೊತೆ ರೆಕಾರ್ಡಿಂಗ್ ಶುರುಮಾಡಿದ್ದು 1954ರಲ್ಲಿ, ಅಷ್ಟು ಹೊತ್ತಿಗೆ ಮೈಸೂರಿನ ನೆರವು ಮುಗಿದಿತ್ತು. ಆದರೆ ಕೂಸು ಎದ್ದು ನಿಲ್ಲುವ ತನಕ ಹಾಲು ಕುಡಿಸಿದವರು ಯಾರು ಅಂತ ಹೇಳಬೇಕಲ್ಲ!

ಲೆಗ್ ಈ ಮುದುಕನನ್ನು ಕರೆದ. 69ನೇ ವಯಸ್ಸಿನಲ್ಲಿ ಕ್ಲೆಂಪರರ್ ಮತ್ತೆ ಹುಟ್ಟಿದ. ಬೀಥೋವನ್, ಬ್ರಾಮ್ಸ್, ಬಾಖ್, ಮಾಹ್ಲರ್ ಒಂದಾದ ಮೇಲೊಂದು ರೆಕಾರ್ಡು. ಕೊಲಂಬಿಯಾ ಲೇಬಲ್ಲು. ಅದೇ ಇ.ಎಂ.ಐ. ಬಳಗದ ಡಂಡಂ ಕಾರ್ಖಾನೆಯಲ್ಲೇ ನಮ್ಮ ಕನ್ನಡ ಚಿತ್ರಗೀತೆಗಳ ತಟ್ಟೆಗಳೂ ಅಚ್ಚಾಗುತ್ತಿದ್ದವು ಅನ್ನೋದು ನೆನಪಿರಲಿ.

ಏನಪ್ಪಾ ಈತನ ವಿಶೇಷ? ನಾನು ಕೇಳಿದ್ದನ್ನು ಹೇಳ್ತೀನಿ. ನಿಧಾನ. ಬೇರೆಯವರು ಓಡುವ ಕಡೆ ಈತ ನಡೆಯುತ್ತಾನೆ, ಆನೆ ನಡೆದ ಹಾಗೆ. ಪಿಟೀಲಿನವರನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕದೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಕೂರಿಸುತ್ತಿದ್ದ. ಒಂದು ಕಡೆಯವರು ಕೇಳಿದ್ದಕ್ಕೆ ಇನ್ನೊಂದು ಕಡೆಯವರು ಉತ್ತರ ಕೊಟ್ಟ ಹಾಗೆ ಕೇಳಿಸುತ್ತೆ. ಕೊಳಲು, ಕ್ಲಾರಿನೆಟ್‌ನವರ ದನಿ ಪಿಟೀಲಿನ ಗದ್ದಲದಲ್ಲಿ ಮುಳುಗಬಾರದು. ಹಿಂದಿನ ಸಾಲಿನವನೂ ಕೇಳಬೇಕು! ನಮ್ಮ ಗಣೇಶನ ಪೆಂಡಾಲಿನಲ್ಲಿ ಕೀಬೋರ್ಡಿನವನು ವಾಲ್ಯೂಮ್ ಏರಿಸಿ ಎಲ್ಲರನ್ನೂ ನುಂಗುತ್ತಾನಲ್ಲ, ಅದಕ್ಕೆ ಪೂರಾ ಉಲ್ಟಾ.

1958ರಲ್ಲಿ ಇನ್ನೊಂದು ಗಂಡಾಂತರ. ಹಾಸಿಗೆಯಲ್ಲಿ ಪೈಪ್ ಸೇದುತ್ತಾ ನಿದ್ದೆ ಹೋದ. ಹೊದಿಕೆಗೆ ಬೆಂಕಿ! ಆರಿಸಲು ಪಕ್ಕದಲ್ಲಿದ್ದ ಸೀಸೆ ಎತ್ತಿ ಸುರಿದರೆ ಅದು ನೀರಲ್ಲ, ಕರ್ಪೂರದ ಸ್ಪಿರಿಟ್ಟು! ಮೈಯೆಲ್ಲ ಬೆಂದಿತು. ಒಂದು ವರ್ಷ ಹೋಯ್ತು. ಮರುವರ್ಷ ಎದ್ದು ಬಂದಾಗ ಫಿಲಾರ್ಮೊನಿಯಾ ಈತನನ್ನು ಆಜೀವ ಮುಖ್ಯ ಕಂಡಕ್ಟರ್ ಅಂತ ಸಾರಿತು.

ಈತನ ಬಗ್ಗೆ ಓಡಾಡುವ ಒಂದು ಜೋಕು. ನಿಜವೋ ಸುಳ್ಳೋ ಆಣೆ ಮಾಡೋಲ್ಲ. ಮೆಂಡೆಲ್ಸನ್ ಎಂಬ ರೆಕಾರ್ಡ್ ಕಂಪನಿ ಮಾಲೀಕನ ಜೊತೆ ಅಂಗಡಿಗೆ ಹೋಗಿ, ಕ್ಲೆಂಪರರ್ ನಡೆಸಿದ ಬೀಥೋವನ್ ಇದೆಯಾ ಅಂದನಂತೆ. ಅಂಗಡಿಯವನು ಇಲ್ಲ, ಬೇರೆಯವರದ್ದಿದೆ ಅಂದ. ಈತನಿಗೆ ರೇಗಿತು, ನಾನೇ ಕ್ಲೆಂಪರರ್ ಅಂದ. ಅಂಗಡಿಯವನು ನಕ್ಕು, ಹಾಗಾದರೆ ಪಕ್ಕದಲ್ಲಿರೋರು ಬೀಥೋವನ್ನೇ ಇರಬೇಕು ಅಂದ. ಈತ ಗಂಭೀರವಾಗಿ, ಅಲ್ಲ, ಇವರು ಮೆಂಡೆಲ್ಸನ್ ಅಂದನಂತೆ! (ಮೆಂಡೆಲ್ಸನ್ ಎಂಬ ಸಂಗೀತಗಾರ ತೀರಿಕೊಂಡು ಆಗಲೇ ನೂರು ವರ್ಷ.)

ಅಪ್ಪನ ಕಥೆಯ ನಡುವೆ ಮಗನ ಕಥೆ. ಸಿನಿಮಾ ಪತ್ರಿಕೆಯಲ್ಲಿ ಇದಿಲ್ಲದಿದ್ದರೆ ಹೇಗೆ? 1920ರಲ್ಲಿ ಹುಟ್ಟಿದ ಮಗ ವರ್ನರ್ ಕ್ಲೆಂಪರರ್ ಹಾಲಿವುಡ್ ನಟನಾದ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಹುಡುಗ ಪರದೆ ಮೇಲೆ ಪದೇಪದೇ ನಾಜಿಯೇ ಆದ! 1961ರ 'ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್'ನಲ್ಲಿ ಕಟಕಟೆಯಲ್ಲಿ ಕೂರುವ ಆರೋಪಿಗಳಲ್ಲಿ ಒಬ್ಬ. ಅದೇ ವರ್ಷ ಇನ್ನೊಂದು ಚಿತ್ರದಲ್ಲಿ ಐಕ್‌ಮನ್. ಆಮೇಲೆ 1965ರಿಂದ 71ರವರೆಗೆ 'ಹೋಗನ್ಸ್ ಹೀರೋಸ್' ಎಂಬ ಟಿ.ವಿ. ಧಾರಾವಾಹಿಯಲ್ಲಿ ಯುದ್ಧಕೈದಿಗಳ ಶಿಬಿರದ ಪೆದ್ದ ಅಧಿಕಾರಿ ಕರ್ನಲ್ ಕ್ಲಿಂಕ್. ಒಪ್ಪುವ ಮುಂಚೆ ಒಂದೇ ಷರತ್ತು: ಕ್ಲಿಂಕ್ ಒಂದು ಸಲವೂ ಗೆಲ್ಲಕೂಡದು! ಎರಡು ಎಮ್ಮಿ ಪ್ರಶಸ್ತಿ ಬಂತು. ಅಪ್ಪನನ್ನು ಊರು ಬಿಡಿಸಿದವರನ್ನು ಮಗ ಆರು ವರ್ಷ ವಾರವಾರವೂ ನಗೆಪಾಟಲು ಮಾಡಿದ. ಇದಕ್ಕಿಂತ ಒಳ್ಳೇ ಸೇಡಿನ ಕಥೆಯನ್ನು ಯಾವ ಸಲೀಂ-ಜಾವೇದ್ ಬರೀತಾರೆ ಹೇಳಿ?

ಇನ್ನು ಕ್ಲೈಮ್ಯಾಕ್ಸ್. ನನ್ನ ಗೆಳೆಯ ಟೀ ಲೋಟ ಕೆಳಗಿಟ್ಟು ಕೇಳಿದ್ದು ಇಲ್ಲಿಂದ.

1964ರ ಮಾರ್ಚ್. ಲೆಗ್ ಒಂದು ಬೆಳಿಗ್ಗೆ ಫಿಲಾರ್ಮೊನಿಯಾವನ್ನು ಮುಚ್ಚುತ್ತೇನೆ ಅಂತ ಘೋಷಿಸಿದ. ಕಟ್ಟಿದವನೂ ಅವನೇ, ಮುಚ್ಚಿದವನೂ ಅವನೇ. ಯುರೋಪಿನಲ್ಲೇ ಹೆಸರಾದ ವಾದ್ಯಗಾರರು ರಾತ್ರಿ ಬೆಳಗಾಗುವುದರಲ್ಲಿ ಕೆಲಸ ಇಲ್ಲದವರಾದರು. ಅವರು ಅಳುತ್ತಾ ಮನೆಗೆ ಹೋಗಲಿಲ್ಲ. ಸಭೆ ಸೇರಿದರು. ನಮಗೆ ಯಜಮಾನ ಬೇಡ, ನಾವೇ ನಡೆಸ್ತೀವಿ ಅಂತ ತೀರ್ಮಾನಿಸಿದರು. ಆದರೆ ಹಳೇ ಹೆಸರು ಅವರದ್ದಲ್ಲ. ಅದಕ್ಕೆ 'ನ್ಯೂ ಫಿಲಾರ್ಮೊನಿಯಾ' ಅಂತ ಇಟ್ಟುಕೊಂಡರು. ಮುದುಕ ಯಾರ ಕಡೆ? ತನಗೆ ಮರುಹುಟ್ಟು ಕೊಟ್ಟವನು ಲೆಗ್. ಋಣ ಇದೆ. ಆದರೂ ಕ್ಲೆಂಪರರ್ ವಾದ್ಯಗಾರರ ಕಡೆ ನಿಂತ. ಅವರ ಗೌರವಾಧ್ಯಕ್ಷನಾದ. 1964ರ ಅಕ್ಟೋಬರ್ 27ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹೊಸ ಆರ್ಕೆಸ್ಟ್ರಾದ ಮೊದಲ ಕಛೇರಿ, ಬೀಥೋವನ್ನನ ಒಂಬತ್ತನೇ ಸಿಂಫನಿ. ಎಪ್ಪತ್ತೊಂಬತ್ತು ವರ್ಷದ ಕ್ಲೆಂಪರರ್ ಕುರ್ಚಿಯಲ್ಲಿ ಕೂತು ನಡೆಸಿಕೊಟ್ಟ.

"ಆಮೇಲೆ?" ಅಂದ ಗೆಳೆಯ. "ಉಳೀತಾ?"

ಉಳೀತು. 1977ರಲ್ಲಿ ಹಳೇ ಹೆಸರನ್ನೂ ವಾಪಸ್ ಪಡೆದರು. ಈವತ್ತಿಗೂ ಅದು ವಾದ್ಯಗಾರರೇ ನಡೆಸುವ ಆರ್ಕೆಸ್ಟ್ರಾ.

ಮುದುಕ 1971ರ ಸೆಪ್ಟೆಂಬರ್‌ವರೆಗೂ ಕೆಲಸ ಮಾಡಿದ. 1973ರ ಜುಲೈ 6ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡಾಗ ವಯಸ್ಸು 88. ಮರುವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಮಹಾರಾಜರೂ ಹೋದರು. ಮಗ ವರ್ನರ್ ಧಾರಾವಾಹಿ ಮುಗಿದ ಮೇಲೆ ಅಮೆರಿಕದ ಆರ್ಕೆಸ್ಟ್ರಾಗಳ ಜೊತೆ ನಿಂತು ಕಥೆ ಓದುವ ಕೆಲಸ ಮಾಡಿಕೊಂಡಿದ್ದು 2000ದ ಡಿಸೆಂಬರಿನಲ್ಲಿ ತೀರಿಕೊಂಡ.

1970ರಲ್ಲಿ ಲಂಡನ್ನಿನಲ್ಲಿ ಈತ ನಡೆಸಿದ ಬೀಥೋವನ್ ಕಛೇರಿಗಳನ್ನು ಬಿ.ಬಿ.ಸಿ. ಟಿ.ವಿ.ಯವರು ಚಿತ್ರೀಕರಿಸಿದ್ದರು. ಅದರ ತುಣುಕನ್ನು ಗೆಳೆಯನಿಗೆ ಫೋನಿನಲ್ಲಿ ತೋರಿಸಿದೆ. ಎಂಬತ್ತೈದು ವರ್ಷದ ಮುದುಕ. ಕೈ ನಡುಗುತ್ತೆ. ದೊಡ್ಡ ಬೀಸು ಇಲ್ಲ, ಕುಣಿತ ಇಲ್ಲ. ಬೆರಳು ಒಂದಿಷ್ಟು ಅಲ್ಲಾಡುತ್ತೆ, ಅಷ್ಟೇ. ನನ್ನ ಗೆಳೆಯ ಮುದುಕನನ್ನು ನೋಡಲೇ ಇಲ್ಲ. ಹಿಂದಿನ ಸಾಲಿನಲ್ಲಿ ನಗಾರಿ ಬಾರಿಸುವವನನ್ನೇ ನೋಡುತ್ತಿದ್ದ, ತನ್ನ ಜಾತಿಯವನಲ್ಲವೇ!

"ಗುರೂ, ಅವನು ಕಾಗದ ನೋಡ್ತಾನೇ ಇಲ್ಲ. ಮುದುಕನ ಕಣ್ಣೇ ನೋಡ್ತಾವ್ನೆ" ಅಂದ.

ಆಮೇಲೆ ಟೀ ಕಾಸು ನನ್ನ ತಲೆಗೇ ಕಟ್ಟಿ ಎದ್ದ. ಹನ್ನೊಂದು ಹುಡುಗರಲ್ಲಿ ಏಳು ಜನ ಒಪ್ಪಿದ್ದಾರಂತೆ. ಸ್ಪೀಕರ್ ಬಾಡಿಗೆಗೆ ಸಿಕ್ಕಿದೆ, ಕೀಬೋರ್ಡಿನವನೊಬ್ಬ ಮಾತ್ರ ಸತಾಯಿಸುತ್ತಿದ್ದಾನೆ. ಹಳೇ ಹೆಸರು ಮಾಲೀಕ ಕೊಡೋಲ್ಲ, ಹೊಸ ಹೆಸರು ಏನಿಡೋಣ ಅಂತ ನನ್ನನ್ನು ಕೇಳಿದ. ಮುಂದೆ 'ನ್ಯೂ' ಅಂತ ಸೇರಿಸು, ಯಾರೂ ಕೇಸು ಹಾಕೋಲ್ಲ ಅಂದೆ.